ಸಮುದಾಯ ಭವನದಲ್ಲಿ ಧ್ವಜಾರೋಹಣ: ಹದಿನಾಲ್ಕರ ಸಂಜೆಯಿಂದ ಹದಿನೈದರ ಸಂಜೆವರೆಗೆ ಮಾಡಬೇಕಾದ್ದು

ಆಗಸ್ಟ್ 15 ಕಳೆದ ವಾರದಲ್ಲಿ ನನಗೆ ಬರುವ ದೂರುಗಳು ಪ್ರತಿವರ್ಷ ಹೆಚ್ಚುಕಡಿಮೆ ಒಂದೇ. ಹಗ್ಗ ಎಳೆದರೂ ಬಾವುಟ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಂಡಿತು, ಆದರೆ ಹಸಿರು ಮೇಲೆ, ಕೇಸರಿ ಕೆಳಗೆ. ಅರ್ಧಕ್ಕೆ ಏರಿ ಸಿಕ್ಕಿಹಾಕಿಕೊಂಡಿತು. ಮುಖ್ಯ ಅತಿಥಿ ಎಳೆದ ರಭಸಕ್ಕೆ ಹಗ್ಗವೇ ಕೈಗೆ ಬಂತು. ನಮ್ಮ ಬಡಾವಣೆಯ ಭವನದಲ್ಲೂ ಒಂದು ವರ್ಷ ಹೀಗಾಗಿತ್ತು. ಬಾವುಟ ಕಟ್ಟಿದವನು ನಾನೇ. ಇನ್ನೂರು ಜನ ತಲೆಯೆತ್ತಿ ನಿಂತಿದ್ದರು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೂರು ಸಲ ಎಳೆದು ಕೈಸೋತು ಹಗ್ಗ ಬಿಟ್ಟರು. ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ವರ್ಷದಿಂದ ಈ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ಬರೆದಿಟ್ಟುಕೊಂಡು ಮಾಡುತ್ತಿದ್ದೇನೆ.

ಕೈಕೊಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಬಾವುಟದ ಕೆಲಸವನ್ನು ಹದಿನೈದರ ಬೆಳಿಗ್ಗೆಗೆ ಬಿಟ್ಟಿರುತ್ತಾರೆ. ಶಾಮಿಯಾನ, ಮೈಕು, ಲಾಡು ಎಲ್ಲವೂ ಹಿಂದಿನ ದಿನವೇ ಬಂದು ಕುಳಿತಿರುತ್ತವೆ. ಬಾವುಟ ಮಾತ್ರ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಮೊದಲ ಐದನ್ನು ಹದಿನಾಲ್ಕರ ಸಂಜೆಯೊಳಗೆ ಮುಗಿಸಿ. ಕ್ರಮ ತಪ್ಪಿಸಬೇಡಿ. ಕಂಬ ನೋಡದೆ ಬಾವುಟ ಕೊಳ್ಳುವುದು, ಬಾವುಟ ಪರೀಕ್ಷಿಸದೆ ಮಡಿಸುವುದು, ತಾಲೀಮು ಮಾಡದೆ ಅತಿಥಿಯ ಕೈಗೆ ಹಗ್ಗ ಕೊಡುವುದು, ಈ ಮೂರರಿಂದಲೇ ಮುಕ್ಕಾಲು ಪಾಲು ಎಡವಟ್ಟುಗಳಾಗುವುದನ್ನು ನಾನು ಕಂಡಿದ್ದೇನೆ.

## ಮೊದಲು ಕೈಯಲ್ಲಿರಬೇಕಾದ ಸಾಮಾನು

ಬಾವುಟ ಎರಡು. ಒಂದು ಏರಿಸಲಿಕ್ಕೆ, ಇನ್ನೊಂದು ಅದೇ ಅಳತೆಯದು, ಹರಿದರೆ, ಕಲೆಯಾದರೆ ಇರಲಿ ಎಂದು. ಹತ್ತಿಯ ಅಥವಾ ಒರಟು ಮೈಯ ನೈಲಾನ್ ಹಗ್ಗ, ಕಂಬದ ಎತ್ತರದ ಎರಡರಷ್ಟು, ಅದರ ಮೇಲೆ ಐದಾರು ಅಡಿ ಹೆಚ್ಚು: ಇಪ್ಪತ್ತು ಅಡಿಯ ಕಂಬಕ್ಕೆ ನಲವತ್ತೈದು ಅಡಿ ಬೇಕು. ಅಳತೆ ಟೇಪು, ಟಾರ್ಚು, ಒಂದು ಹನಿ ಎಣ್ಣೆ, ಕೆಂಪು ದಾರ, ಒಗೆದು ಒಣಗಿಸಿದ ಬಿಳಿ ಬಟ್ಟೆ ಹಾಸಿದ ಮೇಜು. ಮೇಜು ಮುಖ್ಯ. ಬಾವುಟವನ್ನು ನೆಲದ ಮೇಲೆ ಹರವಿ ಮಡಿಸುವ ಅಭ್ಯಾಸ ಬಹಳ ಕಡೆ ಇದೆ. ಬಾವುಟ ನೆಲಕ್ಕೆ ತಾಗಕೂಡದು.

ಹೂವಿನ ಎಸಳು ಬೇಕಿದ್ದರೆ ಒಂದು ಹಿಡಿ, ಒಣಗಿದ್ದು.

## ಹಂತ 1: ಕಂಬವನ್ನು ನೋಡಿ, ಅದಕ್ಕೂ ಮುಂಚೆ ಕಂಬದ ಮೇಲೆ ಏನಿದೆ ನೋಡಿ

ಈ ಹಂತದಲ್ಲಿ ತಪ್ಪಾದರೆ ಜೀವ ಹೋಗುತ್ತದೆ. ಕಬ್ಬಿಣದ ಪೈಪನ್ನು ನಿಲ್ಲಿಸುವಾಗಲೋ ಇಳಿಸುವಾಗಲೋ ಅದು ವಾಲಿ ವಿದ್ಯುತ್ ತಂತಿಗೆ ತಾಗಿ, ಹಿಡಿದವರು ಸತ್ತ ಘಟನೆಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಆಗಸ್ಟ್ ಅಂದರೆ ಮಳೆಗಾಲ; ನೆಲ ಒದ್ದೆ, ಕೈ ಒದ್ದೆ, ಪೈಪು ಒದ್ದೆ.

ಕಂಬ ನೆಟ್ಟಗಿರುವಾಗ ತಂತಿಗೆ ದೂರವಿದೆ ಎಂದು ಸಮಾಧಾನಪಡಬೇಡಿ. ಕಂಬ ಯಾವ ದಿಕ್ಕಿಗೆ ಬಿದ್ದರೂ ಅದರ ತುದಿ ತಂತಿಯನ್ನು ಮುಟ್ಟಬಾರದು, ಲೆಕ್ಕ ಅದು. ಮುಟ್ಟುವಂತಿದ್ದರೆ ಜಾಗ ಬದಲಿಸಿ. ಕಟ್ಟೆ ಕಟ್ಟಿಬಿಟ್ಟಿದ್ದೇವೆ, ಬದಲಿಸಲಾಗದು ಎನ್ನುವವರು ಆ ಕಂಬವನ್ನು ಎತ್ತಿ ಇಳಿಸುವ ಕೆಲಸಕ್ಕೆ ಕೈ ಹಾಕದೆ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ಒಂದು ವಾರ ಮುಂಚೆ ತಿಳಿಸಿ, ಆ ಹೊತ್ತಿಗೆ ಲೈನ್ ಆಫ್ ಮಾಡಿಸಿ. ಕಂಬಕ್ಕೆ ಸೀರಿಯಲ್ ಲೈಟು ಸುತ್ತುವುದನ್ನಂತೂ ಬಿಟ್ಟೇಬಿಡಿ.

ಆಮೇಲೆ ಕಂಬದ ಬುಡ ಅಲುಗಾಡಿಸಿ ನೋಡಿ. ಬುಡದಲ್ಲಿ ತುಕ್ಕು ಹಿಡಿದು ಪುಡಿ ಉದುರುತ್ತಿದ್ದರೆ ಅದು ಎಚ್ಚರಿಕೆ. ಬಣ್ಣ ಬಳಿದು ಮುಚ್ಚಬೇಡಿ. ವೆಲ್ಡಿಂಗ್ ಮಾಡುವವರನ್ನು ಕರೆಸಿ.

ಕೊನೆಗೆ ತುದಿಯ ರಾಟೆ. ಹಗ್ಗವನ್ನು ನಿಧಾನಕ್ಕೆ ಒಂದು ಪೂರ್ತಿ ಸುತ್ತು ಎಳೆಯಿರಿ. ಕಿರ್ರೆಂದರೆ ಎಣ್ಣೆ ಸಾಕು. ಎಳೆಯುವಾಗ ಒಂದೆಡೆ ತಡೆದು, ಜೋರು ಮಾಡಿದರೆ ಜಿಗಿದು ಬಂದಂತೆ ಅನ್ನಿಸಿದರೆ ಹಗ್ಗ ರಾಟೆಯ ಹಳ್ಳದಿಂದ ಜಾರಿ ಪಕ್ಕದ ಸಂದಿಗೆ ಹೋಗುತ್ತಿದೆ ಎಂದರ್ಥ. ಅರ್ಧಕ್ಕೆ ನಿಂತ ಬಾವುಟಗಳಿಗೆಲ್ಲ ಕಾರಣ ಇದು. ತೆಳ್ಳನೆ ಹಗ್ಗ ಹಾಕಿದಾಗ ಹೀಗಾಗುತ್ತದೆ. ಹಳ್ಳ ತುಂಬುವಷ್ಟು ದಪ್ಪದ ಹಗ್ಗ ಬದಲಿಸಿ. ಕಂಬ ಮಲಗಿಸಿಯೇ ಈ ಕೆಲಸ ಮಾಡಬೇಕು. ಹುಡುಗರನ್ನು ಕಂಬ ಹತ್ತಿಸಬೇಡಿ.

## ಹಂತ 2: ಬಾವುಟವನ್ನು ಪರೀಕ್ಷಿಸಿ

ಭಾರತದ ಧ್ವಜ ಸಂಹಿತೆ 2002ರ ಪ್ರಕಾರ ಉದ್ದ ಮತ್ತು ಅಗಲ 3:2 ಪ್ರಮಾಣದಲ್ಲಿರಬೇಕು. ಟೇಪು ಹಿಡಿದು ನೋಡಿ: ಉದ್ದವು ಅಗಲದ ಒಂದೂವರೆಯಷ್ಟಿರಬೇಕು. ರಸ್ತೆಬದಿಯಲ್ಲಿ ಮಾರುವ ಎಷ್ಟೋ ಬಾವುಟಗಳು ಇದರಲ್ಲೇ ತಪ್ಪುತ್ತವೆ. ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ. ನಮ್ಮಂಥ ಭವನಗಳಿಗೆ ಬೇಕಾಗುವುದು ಮೂರು. ಹತ್ತು-ಹನ್ನೆರಡು ಅಡಿಯ ಕಂಬಕ್ಕೆ 900×600 ಮಿಲಿಮೀಟರ್, ಹದಿನೈದರಿಂದ ಇಪ್ಪತ್ತು ಅಡಿಗೆ 1350×900, ಅದಕ್ಕಿಂತ ಎತ್ತರಕ್ಕೆ 1800×1200. ಕಂಬಕ್ಕೂ ಅಳತೆಗೂ ಹಾಕಿದ ಈ ಜೋಡಿ ನನ್ನ ಅನುಭವದ್ದು. ಸಣ್ಣ ಕಂಬಕ್ಕೆ ದೊಡ್ಡ ಬಾವುಟ ಕಟ್ಟಿದರೆ ಗಾಳಿಯಿಲ್ಲದಾಗ ಅದು ಕಂಬಕ್ಕೆ ಅಂಟಿಕೊಂಡು ಜೋತು ಬೀಳುತ್ತದೆ.

ಅಶೋಕ ಚಕ್ರ ಕಡುನೀಲಿ, ಅರಗಳು 24, ಎರಡೂ ಬದಿಗೆ ಕಾಣಬೇಕು, ಬಿಳಿ ಪಟ್ಟಿಯ ನಟ್ಟನಡುವೆ ಇರಬೇಕು. ಅರಗಳನ್ನು ಮಕ್ಕಳ ಕೈಲಿ ಎಣಿಸಿ. ಅವರಿಗದು ಖುಷಿ, ನಿಮಗೆ ಪರೀಕ್ಷೆಯೂ ಆಯಿತು. ಬಾವುಟದ ಮೇಲೆ ಸಂಘದ ಹೆಸರು, ದಾನಿಯ ಹೆಸರು, ಯಾವ ಬರಹವೂ ಇರಕೂಡದು.

ಬಟ್ಟೆಯ ಬಗ್ಗೆ ಇನ್ನೂ ಗೊಂದಲವಿದೆ. ಖಾದಿಯೇ ಆಗಬೇಕೆಂಬ ಕಟ್ಟುಪಾಡು ಈಗಿಲ್ಲ. 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಯಂತ್ರದಲ್ಲಿ ತಯಾರಾದ ಬಾವುಟವೂ ಪಾಲಿಯೆಸ್ಟರ್ ಬಾವುಟವೂ ಸಲ್ಲುತ್ತದೆ. ಆದರೂ ಒಂದು ಬಾವುಟವನ್ನಾದರೂ ಖಾದಿಯದು ಇಟ್ಟುಕೊಳ್ಳಿ ಎನ್ನುತ್ತೇನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದ ಖಾದಿ ಬಾವುಟಗಳು ತಯಾರಾಗುತ್ತವೆ. ಖಾದಿ ಭಂಡಾರಗಳಲ್ಲಿ ಕೇಳಿ ನೋಡಿ, ಆಗಸ್ಟ್ ಮೊದಲ ವಾರದೊಳಗೆ ಕೇಳಿ. ಮಲೆನಾಡು, ಕರಾವಳಿಯವರಿಗೆ ಒಂದು ಮಾತು: ನೆಂದ ಖಾದಿ ಭಾರ, ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹನಿ ಕಡಿಯದ ದಿನಗಳಲ್ಲಿ ಪಾಲಿಯೆಸ್ಟರ್ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಪ್ಲಾಸ್ಟಿಕ್ ಬಾವುಟ ಬೇಡ. 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟವೂ ಇದೆ.

ಕಳೆದ ವರ್ಷದ ಬಾವುಟ ಬೀರುವಿನಲ್ಲಿದೆ ಎಂದಾದರೆ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಹರಿದದ್ದು, ಮಾಸಿದ್ದು, ಹುಳ ತಿಂದದ್ದು ಏರಿಸುವಂತಿಲ್ಲ.

## ಹಂತ 3: ಏರಿಸುವ ವಿಧಾನ ಯಾವುದೆಂದು ತೀರ್ಮಾನಿಸಿ

ಎರಡು ದಾರಿಗಳಿವೆ. ಬಿಚ್ಚಿದ ಬಾವುಟವನ್ನೇ ಹಗ್ಗಕ್ಕೆ ಕಟ್ಟಿ ಕೆಳಗಿನಿಂದ ತುದಿಯವರೆಗೆ ಏರಿಸುವುದು ಒಂದು. ಮಡಿಸಿ ಕಟ್ಟಿದ ಬಾವುಟವನ್ನು ತುದಿಯಲ್ಲಿಟ್ಟು, ಹಗ್ಗ ಎಳೆದು ಬಿಚ್ಚುವುದು ಇನ್ನೊಂದು. ಆಗಸ್ಟ್ 15ಕ್ಕೆ ಕೆಳಗಿನಿಂದ ಏರಿಸುವುದು, ಜನವರಿ 26ಕ್ಕೆ ಮೇಲೆ ಕಟ್ಟಿದ್ದನ್ನು ಬಿಚ್ಚುವುದು ಎಂಬುದು ರೂಢಿ. ನಮ್ಮ ಊರುಗಳಲ್ಲಿ ಎರಡು ದಿನವೂ ಎರಡನೆಯದನ್ನೇ ಮಾಡುತ್ತಾರೆ, ಹೂವು ಉದುರುವ ಚೆಂದಕ್ಕಾಗಿ.

ನಿಮ್ಮಲ್ಲಿ ಜಾರುಗಂಟು ಹಾಕಿ ಕೈ ಪಳಗಿದವರು ಇಲ್ಲದಿದ್ದರೆ ಮೊದಲನೆಯದನ್ನೇ ಆರಿಸಿ. ಬಾವುಟ ಮಡಿಸಿಯೇ ಕಟ್ಟಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆರೋಹಣ ಎಂದರೆ ಏರಿಸುವುದು ಎಂದೇ ತಾನೆ. ಮೂರು ಬಣ್ಣವೂ ಎಲ್ಲರ ಕಣ್ಣೆದುರು ಒಂದೊಂದೇ ಮೊಳ ಮೇಲಕ್ಕೆ ಹೋಗುವುದನ್ನು ನೋಡುವುದರಲ್ಲಿ ಇರುವ ಪುಳಕವನ್ನು ಒಮ್ಮೆ ಕಂಡವರು ಹೂವಿಗಾಗಿ ಹಂಬಲಿಸುವುದಿಲ್ಲ. ಅಜ್ಜಿ ಹಗ್ಗ ಬಿಟ್ಟ ಮರುವರ್ಷ ನಾವು ಹೀಗೇ ಏರಿಸಿದೆವು. ಆಗ ಹಗ್ಗ ಎಳೆದವರೂ ಅವರೇ.

ಮಡಿಸಿ ಕಟ್ಟುವುದೇ ಆಗಬೇಕೆಂದರೆ ಮುಂದಿನ ಹಂತವನ್ನು ಎರಡು ಸಲ ಓದಿ.

## ಹಂತ 4: ಮಡಿಸುವುದು ಮತ್ತು ಕಟ್ಟುವುದು

ಇಬ್ಬರು ಬೇಕು. ಮೇಜಿನ ಮೇಲೆ ಬಾವುಟ ಹರವಿ. ಹಗ್ಗದ ಕಡೆಯ ಅಂಚು, ಅಂದರೆ ಹಗ್ಗಕ್ಕಾಗಿ ಬಿಳಿ ಬಟ್ಟೆ ಹೊಲಿದ ಬದಿ, ನಿಮ್ಮ ಎಡಗೈಗೆ ಬರಲಿ. ಕೇಸರಿ ನಿಮ್ಮಿಂದ ದೂರಕ್ಕಿರಲಿ.

ಮೊದಲು ಹಗ್ಗಕ್ಕೆ ಜೋಡಿಸಿ, ಆಮೇಲೆ ಮಡಿಸಿ. ಎಲ್ಲರೂ ತಿರುಗುಮುರುಗು ಮಾಡುವುದು ಇಲ್ಲೇ. ಮಡಿಸಿದ ಮೇಲೆ ಯಾವ ತುದಿ ಕೇಸರಿಯದು, ಯಾವುದು ಹಸಿರಿನದು ಎಂದು ಗೊತ್ತಾಗುವುದಿಲ್ಲ. ಬಾವುಟ ತಲೆಕೆಳಗಾಗುವುದು ಆಗಲೇ. ಕೇಸರಿಯ ಕಡೆಯ ಮರದ ತುಂಡನ್ನೋ ಕುಣಿಕೆಯನ್ನೋ ರಾಟೆಯ ಮೇಲಿಂದ ಹಾದು ಬರುವ ಹಗ್ಗದ ತುದಿಗೆ ಜೋಡಿಸಿ. ಇದು ಏರಿಸುವ ಹಗ್ಗ. ಹಸಿರಿನ ಕಡೆಯ ತುದಿಯನ್ನು ನೇರ ಕೆಳಗಿಳಿಯುವ ಹಗ್ಗಕ್ಕೆ ಕಟ್ಟಿ. ಇದು ಬಿಚ್ಚುವ ಹಗ್ಗ. ಈ ಎರಡು ಜೋಡಣೆಗಳು ಮಾತ್ರ ಗಟ್ಟಿಯಾಗಿರಬೇಕು.

ಬಿಚ್ಚುವ ಹಗ್ಗಕ್ಕೆ, ಕೈಗೆ ಸಿಗುವ ಎತ್ತರದಲ್ಲಿ ಕೆಂಪು ದಾರ ಕಟ್ಟಿ. ಯಾವ ಹಗ್ಗ ಎಳೆಯಬೇಕೆಂದು ಅತಿಥಿ ತಡಕಾಡುವುದು, ಎರಡನ್ನೂ ಒಟ್ಟಿಗೆ ಎಳೆಯುವುದು ಇದರಿಂದ ತಪ್ಪುತ್ತದೆ. ಎರಡೂ ಹಗ್ಗಗಳ ಕೆಳತುದಿಗಳನ್ನು ಒಂದಕ್ಕೊಂದು ಗಂಟು ಹಾಕಿಡಿ. ಕೈ ತಪ್ಪಿದರೂ ತುದಿ ಮೇಲಕ್ಕೆ ಓಡಿಹೋಗುವುದಿಲ್ಲ.

ಈಗ ಮಡಿಕೆ. ಬಾವುಟವನ್ನು ಉದ್ದಕ್ಕೆ ಅರ್ಧ ಮಡಿಸಿ. ಇನ್ನೊಮ್ಮೆ ಉದ್ದಕ್ಕೇ ಅರ್ಧ ಮಡಿಸಿ. ಒಂದು ಉದ್ದನೆಯ ಪಟ್ಟಿಯಾಯಿತು. ಹಗ್ಗದಿಂದ ದೂರದ ತುದಿಯಿಂದ ಶುರುಮಾಡಿ ಸೀರೆಯ ನಿರಿಗೆ ಹಿಡಿದಂತೆ ಹಿಂದೆ ಮುಂದೆ ಮಡಿಸುತ್ತ ಹಗ್ಗದ ಕಡೆಗೆ ಬನ್ನಿ. ಚಾಪೆ ಸುತ್ತಿದಂತೆ ಸುತ್ತಬೇಡಿ. ಸುರುಳಿ ಬಿಚ್ಚಬೇಕಾದರೆ ಗಾಳಿ ಬೇಕು. ನಿರಿಗೆ ತನ್ನ ಭಾರಕ್ಕೇ ಬಿಚ್ಚುತ್ತದೆ. ನಿರಿಗೆ ಹಿಡಿಯುವುದರಲ್ಲಿ ಪಳಗಿದ ಕೈಗಳು ಪ್ರತಿ ಮನೆಯಲ್ಲೂ ಇವೆ. ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕರೆಯದೆ ಗಂಡಸರೇ ಗುಂಪುಗೂಡಿ ಒದ್ದಾಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಎಸಳು ಹಾಕುವುದಾದರೆ ಕೊನೆಯ ಎರಡು ನಿರಿಗೆಗಳ ನಡುವೆ, ಒಂದು ಹಿಡಿ ಮಾತ್ರ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರ ಪ್ರಕಾರ ಬಾವುಟದಲ್ಲಿ ಏನನ್ನೂ ತುಂಬಿಕೊಂಡು ಹೋಗುವಂತಿಲ್ಲ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನದಂಥ ವಿಶೇಷ ಸಂದರ್ಭದಲ್ಲಿ ಬಿಚ್ಚುವ ಮುನ್ನ ಹೂವಿನ ಎಸಳು ಇಡಲು ಮಾತ್ರ ವಿನಾಯಿತಿಯಿದೆ. ಚಿನ್ನದ ಬಣ್ಣದ ಚೂರು, ಅರಿಸಿನ, ಅಕ್ಷತೆ, ಚಾಕೊಲೇಟು ಆ ವಿನಾಯಿತಿಗೆ ಸೇರುವುದಿಲ್ಲ. ಹಸಿ ಎಸಳು ರಾತ್ರಿಯಿಡೀ ಬಿಳಿ ಬಟ್ಟೆಯ ಮಧ್ಯೆ ಇದ್ದರೆ ಕಲೆ ಕೂರುತ್ತದೆ. ಹಾಗಾಗಿ ಎಸಳನ್ನು ಬೆಳಿಗ್ಗೆಯೇ ಹಾಕಿ.

ಇನ್ನು ಜಾರುಗಂಟು. ಬೇರೆ ದಾರ, ರಿಬ್ಬನ್, ರಬ್ಬರ್ ಬ್ಯಾಂಡ್ ಏನೂ ಬೇಡ. ಬಿಚ್ಚುವ ಹಗ್ಗವೇ ಸಾಕು. ಬಾವುಟದ ಹಸಿರು ತುದಿಯಿಂದ ಹೊರಟ ಆ ಹಗ್ಗವನ್ನು ನಿರಿಗೆಯ ಪೊಟ್ಟಣದ ಸುತ್ತ ಎರಡು ಸುತ್ತು ಸುತ್ತಿ. ಮೂರನೆಯ ಸುತ್ತು ಬೇಡ. ಸುತ್ತಿದ ಮೇಲೆ ಕೆಳಕ್ಕೆ ಹೋಗುವ ಹಗ್ಗವನ್ನು ಬೆರಳಲ್ಲಿ ಹಿಡಿದು ಒಂದು ಸಣ್ಣ ಕುಣಿಕೆ ಮಾಡಿ, ಆ ಕುಣಿಕೆಯನ್ನಷ್ಟೇ ಸುತ್ತುಗಳ ಅಡಿಯಲ್ಲಿ ತೂರಿಸಿ, ಎರಡು ಬೆರಳಗಲ ಹೊರಗೆ ಬರುವಂತೆ. ಹಗ್ಗದ ತುದಿಯನ್ನೇ ತೂರಿಸಿ ಎಳೆದರೆ ಅದು ಕಗ್ಗಂಟಾಗುತ್ತದೆ. ಕುಣಿಕೆ ತೂರಿಸಿದರೆ, ಕೆಳಗಿನಿಂದ ಎಳೆದೊಡನೆ ಅದು ಹಿಂದಕ್ಕೆ ಜಾರಿ ಸುತ್ತುಗಳು ಸಡಿಲಾಗುತ್ತವೆ.

ಬಿಗಿ ಎಷ್ಟಿರಬೇಕು? ಪೊಟ್ಟಣವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದರೆ ಉದುರಬಾರದು. ಸುತ್ತಿನ ಅಡಿಯಲ್ಲಿ ಕಿರುಬೆರಳು ಸಲೀಸಾಗಿ ಹೋಗಬೇಕು. ಬೆರಳು ಹೋಗದಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

## ಹಂತ 5: ಹದಿನಾಲ್ಕರ ಸಂಜೆಯ ತಾಲೀಮು

ನಾಳೆ ಏರಿಸುವ ಅದೇ ಹಗ್ಗ, ಅದೇ ಕಂಬ, ನಾಳೆ ಕಟ್ಟುವ ಅದೇ ಕೈ. ಬಾವುಟದ ಬದಲು ಅದೇ ಅಳತೆಯ ಬಿಳಿ ಪಂಚೆಯ ತುಂಡೋ ಟವೆಲ್ಲೋ ಸಾಕು. ಕಟ್ಟಿ, ಏರಿಸಿ, ಎಳೆದು ನೋಡಿ. ಮೂರು ಸಲ ಸತತವಾಗಿ ಬಿಚ್ಚಿಕೊಳ್ಳುವವರೆಗೆ ಮನೆಗೆ ಹೋಗಬೇಡಿ. ಎರಡು ಸಲ ಬಿಚ್ಚಿ ಒಂದು ಸಲ ಸಿಕ್ಕಿಕೊಂಡರೆ ಮೊದಲಿಂದ ಎಣಿಸಿ.

ಹಗ್ಗ ಎಳೆಯುವವರನ್ನೂ ಕರೆಯಿರಿ. ದೊಡ್ಡ ಮನುಷ್ಯರಾಗಿದ್ದು ಹಿಂದಿನ ದಿನ ಬರಲಾಗದಿದ್ದರೆ ಬೆಳಿಗ್ಗೆ ಹತ್ತು ನಿಮಿಷ ಮೊದಲು ಅವರನ್ನು ಕಂಬದ ಬಳಿ ಕರೆದುಕೊಂಡು ಹೋಗಿ ಕೆಂಪು ದಾರ ತೋರಿಸಿ: “ಸಾರ್, ಇದನ್ನು ಒಂದೇ ಸಲ, ನೇರ ಕೆಳಕ್ಕೆ, ಮೊಳದಷ್ಟು ಎಳೆದರೆ ಸಾಕು.” ಹೇಳಿಕೊಟ್ಟರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಯಾರು ಏರಿಸಬೇಕೆಂಬ ಜಗಳವನ್ನೂ ಹದಿನಾಲ್ಕಕ್ಕೇ ಮುಗಿಸಿ. ಅಧ್ಯಕ್ಷರೇ ಏರಿಸಬೇಕೆಂದೇನೂ ಇಲ್ಲ. ಬಡಾವಣೆಯ ರಸ್ತೆ ಗುಡಿಸುವ ಪೌರಕಾರ್ಮಿಕ ಅಕ್ಕ, ನಿವೃತ್ತ ಯೋಧರು, ಅಂಗನವಾಡಿ ಶಿಕ್ಷಕಿ, ಈ ಭವನಕ್ಕೆ ದಿನಾ ಬಂದು ಪೇಪರ್ ಓದುವ ತಾತ, ಇವರಲ್ಲಿ ಯಾರನ್ನು ಕರೆದರೂ ಶೋಭೆ. ಭುಜದ ನೋವಿದೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ ಇನ್ನೊಬ್ಬರು ಹಗ್ಗಕ್ಕೆ ಕೈಜೋಡಿಸಲಿ.

ತಾಲೀಮಿನ ನಂತರ ಬಾವುಟವನ್ನು ಕಂಬದ ಮೇಲೆ ಕಟ್ಟಿ ರಾತ್ರಿ ಬಿಡಬೇಡಿ. ಇಬ್ಬನಿಗೆ, ಮಳೆಗೆ ಹತ್ತಿಯ ಹಗ್ಗ ಉಬ್ಬಿ ಗಂಟು ಬಿಗಿಯುತ್ತದೆ. ಸಂಜೆ ಸರಿಯಾಗಿದ್ದದ್ದು ಬೆಳಿಗ್ಗೆ ಬಿಚ್ಚದಿರುವುದು ಇದಕ್ಕೇ. ಬೆಳಿಗ್ಗೆ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಕಟ್ಟಿ ಏರಿಸಿ.

## ಹಂತ 6: ಜಾಗ, ಅಲಂಕಾರ, ಸಮಯ

ಬಾವುಟ ಏರಿಸಲು ಯಾರ ಅನುಮತಿಯೂ ಬೇಕಿಲ್ಲ. ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಾದರೆ ಠಾಣೆಯಿಂದ ಅನುಮತಿ ಪಡೆಯಿರಿ. ಬೆಳಿಗ್ಗೆ ಆರಕ್ಕೆ ಮೊದಲು ಮೈಕು ಹಚ್ಚುವಂತಿಲ್ಲ.

ಸಮಯ ನಿಗದಿಯಲ್ಲಿ ಆಗುವ ತಪ್ಪು ಮಕ್ಕಳನ್ನು ಮರೆಯುವುದು. ಎಂಟರಿಂದ ಒಂಬತ್ತರವರೆಗೆ ಅವರು ಶಾಲೆಯ ಧ್ವಜಾರೋಹಣದಲ್ಲಿರುತ್ತಾರೆ. ಏಳು ಗಂಟೆಗೆ ಮುಗಿಸಿ, ಇಲ್ಲವೇ ಹತ್ತಕ್ಕೆ ಇಡಿ. ಎಂಟೂವರೆಗೆ ಇಟ್ಟು, ಮಕ್ಕಳೇ ಬರಲಿಲ್ಲ ಎಂದು ಕೊರಗಬೇಡಿ.

ಅಲಂಕಾರದಲ್ಲಿ ನೆನಪಿಡಬೇಕಾದ್ದು ಇಷ್ಟು. ಕಂಬದ ಮೇಲೆ, ಬಾವುಟದ ಮೇಲೆ ಹಾರ, ಹೂವು, ಲಾಂಛನ ಏನೂ ಬೇಡ. ಹಾರ ಹಾಕುವ ಆಸೆಯಿದ್ದರೆ ಗಾಂಧೀಜಿ, ಅಂಬೇಡ್ಕರ್ ಅವರ ಭಾವಚಿತ್ರಗಳನ್ನು ಪಕ್ಕದ ಮೇಜಿನ ಮೇಲಿಟ್ಟು ಅಲ್ಲಿ ಹಾಕಿ. ಊದುಬತ್ತಿ, ದೀಪವೂ ಅಲ್ಲೇ ಇರಲಿ, ಬಾವುಟದಿಂದ ದೂರ. ಭಾಷಣದ ಮೇಜಿಗೆ ತ್ರಿವರ್ಣ ಧ್ವಜ ಹೊದಿಸುವುದು, ವೇದಿಕೆಯ ಮುಂಭಾಗಕ್ಕೆ ಅದನ್ನೇ ಪರದೆಯಾಗಿ ಕಟ್ಟುವುದು ತಪ್ಪು. ಕೇಸರಿ, ಬಿಳಿ, ಹಸಿರಿನ ಬೇರೆಬೇರೆ ಬಟ್ಟೆ ಬಳಸಿ, ಚಕ್ರ ಬೇಡ. ಸಂಘದ ಧ್ವಜವನ್ನಾಗಲಿ ಬೇರೆ ಯಾವ ಧ್ವಜವನ್ನಾಗಲಿ ರಾಷ್ಟ್ರಧ್ವಜಕ್ಕಿಂತ ಎತ್ತರಕ್ಕೆ, ಅದರ ಸಮಕ್ಕೆ ಪಕ್ಕದಲ್ಲಿ, ಅದೇ ಕಂಬದಲ್ಲಿ ಹಾರಿಸುವಂತಿಲ್ಲ.

ರಂಗೋಲಿಯಲ್ಲಿ ಬಾವುಟದ ಚಿತ್ರ ಬಿಡಿಸಬೇಡಿ. ಕಾಯ್ದೆಯ ಕಣ್ಣಿನಲ್ಲಿ ಬಾವುಟದ ಚಿತ್ರವೂ ಬಾವುಟವೇ. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅದರ ಮೇಲೆ ನೂರು ಪಾದಗಳು ಓಡಾಡಿರುತ್ತವೆ. ಮೂರು ಬಣ್ಣದ ನವಿಲೋ ಕಮಲವೋ ಬಿಡಿಸಿ. ವೇಷ ಹಾಕುವ ಮಕ್ಕಳಿಗೂ ಇದೇ ಎಚ್ಚರಿಕೆ: ಬಾವುಟವನ್ನು ಲಂಗದಂತೆ, ಸೊಂಟದ ಕೆಳಗೆ ಉಡಿಸಬಾರದು.

## ಹಂತ 7: ಹದಿನೈದರ ಬೆಳಿಗ್ಗೆ, ನಿಮಿಷ ನಿಮಿಷ

1. ಒಂದು ಗಂಟೆ ಮುಂಚೆ: ಹಗ್ಗ ಒಮ್ಮೆ ಎಳೆದು ನೋಡಿ. ರಾತ್ರಿ ಮಳೆ ಬಂದಿದ್ದರೆ ಒರೆಸಿ. ಕುರ್ಚಿಗಳನ್ನು ಹಿರಿಯರಿಗೆ, ಬಸುರಿಯರಿಗೆ, ಕೂಸು ಎತ್ತಿಕೊಂಡವರಿಗೆ ಮುಂದಿನ ಸಾಲಿನಲ್ಲೇ ಹಾಕಿ. ಗಾಲಿಕುರ್ಚಿ ಬರುವ ದಾರಿಯಲ್ಲಿ ವೈರು ಎಳೆಯಬೇಡಿ.

2. ಅರ್ಧ ಗಂಟೆ ಮುಂಚೆ: ಎಸಳು ಹಾಕಿ, ಕಟ್ಟಿ, ತುದಿಗೆ ಏರಿಸಿ. ಏರಿಸುವ ಹಗ್ಗವನ್ನು ಕಂಬದ ಕೊಕ್ಕೆಗೆ ಎಂಟರ ಆಕಾರದಲ್ಲಿ ಸುತ್ತಿ ಭದ್ರ ಮಾಡಿ. ಇದು ಸಡಿಲವಿದ್ದರೆ ಬಿಚ್ಚುವ ಹಗ್ಗ ಎಳೆದಾಗ ಗಂಟು ಬಿಚ್ಚುವ ಬದಲು ಪೊಟ್ಟಣವೇ ಕೆಳಗಿಳಿದು ಬರುತ್ತದೆ. ಬಿಚ್ಚುವ ಹಗ್ಗ ಸಡಿಲವಾಗಿಯೇ ಇರಲಿ, ಮಕ್ಕಳ ಕೈಗೆ ಸಿಗದಂತೆ ಒಬ್ಬರು ಪಕ್ಕದಲ್ಲಿ ನಿಲ್ಲಲಿ.

3. ಐದು ನಿಮಿಷ ಮುಂಚೆ: ಎಲ್ಲರೂ ಬಾವುಟದ ಕಡೆಗೆ ಮುಖ ಮಾಡಿ ನಿಲ್ಲಲಿ. ನಾಡಗೀತೆ, ಸ್ವಾಗತ, ಭಾಷಣ ಯಾವುದನ್ನೂ ಇದಕ್ಕೆ ಮುಂಚೆ ತುರುಕಬೇಡಿ. ಬಾವುಟ ಮೊದಲು.

4. “ಸಾವಧಾನ್” ಎಂದೊಡನೆ ಎಲ್ಲರೂ ನೆಟ್ಟಗೆ. ಅತಿಥಿ ಹಗ್ಗ ಎಳೆಯುತ್ತಾರೆ. ಕೆಳಗಿನಿಂದ ಏರಿಸುವುದಾದರೆ ಚುರುಕಾಗಿ ಏರಿಸಬೇಕು. ಇಳಿಸುವಾಗ ನಿಧಾನ, ಗಂಭೀರ. ಬಿಚ್ಚಿದ ಮೇಲೆ ಬಾವುಟ ತುದಿಗೆ ಸೇರಿಕೊಂಡಿದೆಯೇ ನೋಡಿ. ಒಂದು ಮೊಳ ಕೆಳಗೆ ನಿಂತಿದ್ದರೆ ಪೂರ್ತಿ ಎಳೆಯಿರಿ.

5. ಕೂಡಲೇ ರಾಷ್ಟ್ರಗೀತೆ. ಸುಮಾರು 52 ಸೆಕೆಂಡು. ಮೊಬೈಲಿನಿಂದ ಹಾಕಬೇಡಿ, ನಡುವೆ ಕರೆ ಬರುತ್ತದೆ, ಜಾಹೀರಾತು ಬರುತ್ತದೆ. ಶ್ರುತಿ ಗಟ್ಟಿಯಿರುವ ಇಬ್ಬರು ಮೈಕಿನ ಮುಂದೆ ನಿಂತು ಶುರುಮಾಡಲಿ, ಉಳಿದವರೆಲ್ಲ ಸೇರಿಕೊಳ್ಳುತ್ತಾರೆ. ತೀರ ಎತ್ತರದ ಶ್ರುತಿಯಲ್ಲಿ ಹಿಡಿದರೆ ಕೊನೆಯ ಸಾಲಿಗೆ ದನಿ ಮುಟ್ಟುವುದಿಲ್ಲ, ಹಿಂದಿನ ದಿನವೇ ಹಾಡಿ ನೋಡಿ.

6. “ವಿಶ್ರಾಮ್” ಹೇಳಿ ಎಲ್ಲರನ್ನೂ ಕೂರಿಸಿ. ಆಮೇಲೆ ಎರಡೂವರೆ ನಿಮಿಷದ ನಾಡಗೀತೆ, ಮಾತು, ಮಕ್ಕಳ ಹಾಡು, ಸಿಹಿ.

ಭಾಷಣ ಒಂದೇ ಇರಲಿ, ಐದೇ ನಿಮಿಷ. ನಿಂತವರ ಪೈಕಿ ಬೆಳಿಗ್ಗೆ ಏನೂ ತಿನ್ನದೆ ಬಂದ ಮಕ್ಕಳಿರುತ್ತಾರೆ. ಯಾವ ಮಗುವಾದರೂ ಪದೇಪದೇ ಆಕಳಿಸಿದರೆ, ಮುಖ ಬಿಳಿಚಿಕೊಂಡರೆ, ಹಣೆಯಲ್ಲಿ ತಣ್ಣನೆ ಬೆವರು ಕಂಡರೆ, ಓಲಾಡಿದರೆ ಅದು ತಲೆಸುತ್ತಿ ಬೀಳುವ ಮುನ್ಸೂಚನೆ. ರಾಷ್ಟ್ರಗೀತೆ ನಡೆಯುತ್ತಿದ್ದರೂ ಸರಿ, ಪಕ್ಕದವರು ಅದನ್ನು ಮೆಲ್ಲಗೆ ಕೂರಿಸಲಿ. ನೆರಳಿಗೆ ಕರೆದೊಯ್ದು ಮಲಗಿಸಿ, ಕಾಲು ತುಸು ಎತ್ತರಕ್ಕಿಡಿ; ಚೇತರಿಸಿಕೊಂಡ ಮೇಲೆ ನೀರು ಕೊಡಿ. ಎಚ್ಚರವಿಲ್ಲದಾಗ ಬಾಯಿಗೆ ನೀರು ಹಾಕಬೇಡಿ. ಒಂದೆರಡು ನಿಮಿಷದಲ್ಲಿ ಎಚ್ಚರಾಗದಿದ್ದರೆ 108ಕ್ಕೆ ಕರೆ ಮಾಡಿ.

ಮಕ್ಕಳಿಗೆ ಕಾಗದದ ಬಾವುಟ ಕೊಟ್ಟಿದ್ದರೆ ಸಿಹಿ ಹಂಚುವ ಜಾಗದಲ್ಲೇ ಒಂದು ಡಬ್ಬಿ ಇಡಿ. ಮನೆಗೆ ಒಯ್ಯದವರು ಅದರಲ್ಲಿ ಹಾಕಲಿ. ಈ ಒಂದು ಡಬ್ಬಿಯಿಟ್ಟ ವರ್ಷದಿಂದ ನಮ್ಮ ಭವನದ ಮುಂದಿನ ಚರಂಡಿಯಲ್ಲಿ ಬಾವುಟ ಕಂಡಿಲ್ಲ.

## ಹಂತ 8: ಎಡವಟ್ಟಾದರೆ

ಬಿಚ್ಚಿಕೊಳ್ಳದಿದ್ದರೆ: ಇನ್ನೂ ಜೋರಾಗಿ ಎಳೆಯಬೇಡಿ, ಎಳೆದಷ್ಟೂ ಗಂಟು ಕಚ್ಚುತ್ತದೆ. ಹಗ್ಗ ಸಡಿಲಿಸಿ, ಅಲೆಯಂತೆ ಎರಡು ಸಲ ಕುಲುಕಿ, ಮತ್ತೆ ಮೆಲ್ಲಗೆ ಎಳೆಯಿರಿ. ಎರಡನೆಯ ಯತ್ನಕ್ಕೂ ಬಿಚ್ಚದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೊಕ್ಕೆಯ ಹಗ್ಗ ಬಿಡಿಸಿ ಪೊಟ್ಟಣವನ್ನು ಕೆಳಗಿಳಿಸಿ, ಕೈಯಿಂದಲೇ ಬಿಚ್ಚಿ, ಬಿಚ್ಚಿದ ಬಾವುಟವನ್ನೇ ಏರಿಸಿ. ಒಂದು ನಿಮಿಷದ ಕೆಲಸ. ಅಷ್ಟು ಹೊತ್ತು ಜನ ಮೌನವಾಗಿ ಕಾಯುತ್ತಾರೆ. ಕಂಬ ಅಲುಗಿಸುವುದು, ಕೋಲಿನಿಂದ ಚುಚ್ಚುವುದು, ಯಾರನ್ನಾದರೂ ಹತ್ತಿಸುವುದು ಮಾತ್ರ ಬೇಡ.

ತಲೆಕೆಳಗಾದರೆ: ಗಮನಿಸಿದ ಕ್ಷಣವೇ ಇಳಿಸಿ, ತಿರುಗಿಸಿ ಕಟ್ಟಿ, ಏರಿಸಿ. ಆಗಲೇ ರಾಷ್ಟ್ರಗೀತೆ ಶುರುವಾಗಿದ್ದರೆ ಮುಗಿಯುವವರೆಗೆ ನಿಂತು, ಮುಗಿದೊಡನೆ ಸರಿಪಡಿಸಿ. ಫೋಟೊ ತೆಗೆಯುವುದನ್ನು ಅಲ್ಲಿಯವರೆಗೆ ತಡೆಯಿರಿ. ಉದ್ದೇಶಪೂರ್ವಕವಾಗಿ ಕೇಸರಿ ಕೆಳಗೆ ಮಾಡಿ ಹಾರಿಸುವುದು ಅಪರಾಧ, ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಗೊತ್ತಾಗದೆ ಆದದ್ದನ್ನು ತಿದ್ದಿಕೊಂಡವರು ಹೆದರಬೇಕಿಲ್ಲ; ಗೊತ್ತಾದ ಮೇಲೂ ಹಾಗೇ ಬಿಡುವುದು ಸಲ್ಲದು.

ಹಗ್ಗ ತುಂಡಾದರೆ: ಎರಡನೆಯ ಬಾವುಟ ಇಟ್ಟುಕೊಂಡಿದ್ದು ಇದಕ್ಕೇ. ನೇರವಾದ ಕೋಲಿಗೆ ಕಟ್ಟಿ, ಒಬ್ಬರು ಎತ್ತಿ ಹಿಡಿದು ನಿಲ್ಲಲಿ, ಕಾರ್ಯಕ್ರಮ ನಡೆಯಲಿ.

ಮಳೆ ಸುರಿದರೆ: ಬಾವುಟ ಇಳಿಸಬೇಕಿಲ್ಲ. ಜನರನ್ನು ಒಳಗೆ ಕರೆದೊಯ್ಯಿರಿ. ಗುಡುಗು ಮಿಂಚಿದ್ದರೆ ಕಬ್ಬಿಣದ ಕಂಬದ ಸುತ್ತ ಯಾರೂ ನಿಲ್ಲಬಾರದು.

## ಹಂತ 9: ಇಳಿಸುವುದು, ಒಣಗಿಸುವುದು, ಎತ್ತಿಡುವುದು

ಬೆಳಿಗ್ಗೆ ನೂರಾರು ಜನರಿದ್ದ ಜಾಗದಲ್ಲಿ ಸಂಜೆ ಒಬ್ಬರೂ ಇರುವುದಿಲ್ಲ. ಇಳಿಸುವವರ ಹೆಸರನ್ನೂ ಹದಿನಾಲ್ಕರಂದೇ ಬರೆದಿಡಿ, ಇಬ್ಬರ ಹೆಸರು. 2022ರ ಜುಲೈ ತಿದ್ದುಪಡಿಯ ನಂತರ ಬಾವುಟವನ್ನು ಹಗಲೂ ರಾತ್ರಿಯೂ ಹಾರಿಸಬಹುದು, ನಿಜ. ಆದರೆ ನೋಡುವವರಿಲ್ಲದ ಭವನದಲ್ಲಿ, ಆಗಸ್ಟಿನ ಗಾಳಿಮಳೆಯಲ್ಲಿ ಬಿಟ್ಟ ಬಾವುಟ ನಾಲ್ಕೇ ದಿನಕ್ಕೆ ಅಂಚು ಹರಿದುಕೊಳ್ಳುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಇಳಿಸಿಬಿಡಿ.

ಒಬ್ಬರು ನಿಧಾನಕ್ಕೆ ಹಗ್ಗ ಬಿಡಲಿ, ಇನ್ನೊಬ್ಬರು ಕೆಳಗೆ ಎರಡೂ ಕೈ ಚಾಚಿ ಬಾವುಟವನ್ನು ತೋಳಿಗೆ ತೆಗೆದುಕೊಳ್ಳಲಿ. ಒದ್ದೆಯಿದ್ದರೆ ಒಳಗೆ, ನೆರಳಿನಲ್ಲಿ ಹರವಿ ಪೂರ್ತಿ ಒಣಗಿಸಿ. ಒದ್ದೆಯನ್ನೇ ಮಡಿಸಿಟ್ಟರೆ ಬಿಳಿ ಪಟ್ಟಿಯಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಅದು ಹೋಗುವುದಿಲ್ಲ.

ಎತ್ತಿಡುವ ಮಡಿಕೆ ಬೇರೆ. ಬಾವುಟವನ್ನು ಅಡ್ಡಕ್ಕೆ ಹಿಡಿದು ಕೇಸರಿ ಪಟ್ಟಿಯನ್ನೂ ಹಸಿರು ಪಟ್ಟಿಯನ್ನೂ ಬಿಳಿಯ ಹಿಂದಕ್ಕೆ ಮಡಿಸಿ. ಬಳಿಕ ಎರಡೂ ತುದಿಗಳನ್ನು ಒಳಕ್ಕೆ ಮಡಿಸುತ್ತ ಬನ್ನಿ; ಕೊನೆಗೆ ಚಕ್ರವೂ ಕೇಸರಿ ಹಸಿರುಗಳ ಅಂಚೂ ಮಾತ್ರ ಕಾಣುವಂತಾಗಬೇಕು. ಅಂಗೈಗಳ ಮೇಲಿಟ್ಟು ಒಯ್ದು, ಹತ್ತಿಯ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಕೂತುಕೊಳ್ಳುತ್ತದೆ.

ಹರಿದ ಬಾವುಟವನ್ನು ಕಸದ ಗಾಡಿಗೆ ಕೊಡಬೇಡಿ, ಒರೆಸುವ ಬಟ್ಟೆ ಮಾಡಬೇಡಿ. ತುಂಡು ಮಾಡದೆ, ಇಡಿಯಾಗಿ, ಜನರೆದುರಲ್ಲದೆ ಖಾಸಗಿಯಾಗಿ, ಗೌರವದಿಂದ ಸುಡುವುದು ಸಂಹಿತೆ ಹೇಳುವ ಕ್ರಮ. ಡಬ್ಬಿಯಲ್ಲಿ ಸೇರಿದ ಕಾಗದದ ಬಾವುಟಗಳಿಗೂ ಅದೇ.

ಚೀಲದೊಳಗೆ ಒಂದು ಚೀಟಿಯನ್ನೂ ಹಾಕಿಡಿ: ಬಾವುಟದ ಅಳತೆ, ಹಗ್ಗದ ಉದ್ದ, ರಾಟೆಗೆ ಎಣ್ಣೆ ಹಾಕಿದ ದಿನ, ಈ ಸಲ ಕಟ್ಟಿದವರ ಹೆಸರು. ಜನವರಿ 25ರ ಸಂಜೆ ಬೀರು ತೆರೆಯುವವರು ಬೇರೆ ಯಾರೋ ಆಗಿರಬಹುದು.